ಕಾಫಿ ಡಬ್ಬಿಯಲ್ಲಿ ಉಳಿದ ಗುಡ್ಡ

ವೆಂಡೆಲ್,

ಈ ಕಾಗದವನ್ನು ಅಂಚೆಗೆ ಹಾಕುವ ಧೈರ್ಯ ನನಗಿಲ್ಲ, ಆದರೂ ಕೇಳು. ಸುಟ್ಟುಹೋಯಿತು ಗೆಳೆಯಾ, ಸುಟ್ಟುಹೋಯಿತು! ನಮ್ಮ ಪುಟಾಣಿ ಮಾದರಿ ರೈಲುಗಳ ಗುಡ್ಡಗಳಿಗೆ ಕೃತಕ ಹುಲ್ಲಿನ ಪುಡಿ ಮಾಡುತ್ತಿದ್ದ ಕಾರ್ಖಾನೆ ನಿನ್ನೆ ಬೂದಿಯಾಯಿತು! ನಮ್ಮ ರೈಲು ಕ್ಲಬ್ಬಿನವರೆಲ್ಲ ಒಹಾಯೊದ ಅಂಗಡಿ ಅಂಗಡಿಗೂ ಫೋನ್ ಮಾಡಿದರು. ಸುದ್ದಿ ಕೇಳಿದವರು ಆಗಲೇ ಬಾಚಿಕೊಂಡಿದ್ದರು, ಎಲ್ಲೂ ಒಂದು ಪೊಟ್ಟಣವಿಲ್ಲ.

“ಏನಪ್ಪಾ ದೊರೆ,” ಎಂದು ಲಾಯ್ಡ್ ನನ್ನನ್ನು ಕುಟುಕಿದ, “ವೆಂಡೆಲ್ ಮಾಡಿದ ಗುಡ್ಡ ನೀನು ಕಿತ್ತಾಗ ‘ಹುಲ್ಲು ತಾನೇ, ನಾಳೆ ತಂದ್ರಾಯ್ತು’ ಅಂದಿದ್ದೆ. ಈಗ ತಾರಪ್ಪ!”

ಸಭೆ ನಡುಗಿಸುವ ನಾನು ಎದ್ದು ಕಪಾಟಿನ ಹಿಂದೆ ಕೈಹಾಕಿದೆ.

ಗುಡ್ಡ ಕಿತ್ತದ್ದಕ್ಕೆ ನೀನು ಕ್ಲಬ್ಬಿನ ಬೀಗದಕೈ ಮೇಜಿನ ಮೇಲಿಟ್ಟು ಹೊರಟುಹೋದ ಆ ದಿನ, ವ್ಯಾಕ್ಯೂಮ್ ಕ್ಲೀನರ್ ಕೊಳವೆಯ ಬಾಯಿಗೆ ಕಾಲುಚೀಲ ಕಟ್ಟಿ, ಉದುರಿದ ಹುಲ್ಲನ್ನು ಹೀರಿ ಕಾಫಿ ಡಬ್ಬಿಯಲ್ಲಿಟ್ಟಿದ್ದೆ. ಇಂದು ತೆರೆದೆ. ನಿನ್ನ ಎರಡು ಚಳಿಗಾಲದ ದುಡಿಮೆ ಒಂದು ಹಿಡಿಯಾಗಿತ್ತು. ಸುರಂಗದ ಬಳಿ ಅಂಟಿಸಿದೆ. ಅಂಗೈಯಗಲ ಹಸಿರಾಯಿತು, ಉಳಿದದ್ದೆಲ್ಲ ಬೋಳು.

ಆ ಹಸಿರಿನ ಬಳಿಗೆ ಬಂದಾಗ ರೈಲನ್ನು ನಿಧಾನ ಮಾಡಿದೆ. ಲಾಯ್ಡ್ ಕೂಡ ಬಗ್ಗಿ ನೋಡಿದ.

ಹಾರ್ಲನ್