ಒಂದೇ ಗೂಡಿನಲ್ಲಿ ಎರಡು ಹೆಣ್ಣು ಮೊಲ

ಶೀನಣ್ಣ,

ಮುಂಬಯಿಯ ಪರೇಲಿನ ಪ್ರಯೋಗಾಲಯಕ್ಕೆ ನಾನು ಸಂಶೋಧನೆಗೆ ಸೇರಿದ ಮೊದಲ ವಾರ ನೆನಪಿದೆಯೇ? ಎಂಬತ್ತಾರನೇ ಇಸವಿ. ಮೊಲಗಳನ್ನು ನೋಡಿಕೊಳ್ಳುತ್ತಿದ್ದ ನೀವು, ಆಂಟಾಪ್ ಹಿಲ್‌ನಿಂದ ಬರುವ ಹುಡುಗಿ ಕನ್ನಡದವಳೆಂದು ತಿಳಿದು ಎಷ್ಟು ಖುಷಿಪಟ್ಟಿರಿ! "ಎರಡು ಹೆಣ್ಣನ್ನು ಒಟ್ಟಿಗೆ ಇಡ್ಬೇಡಿ ತಂಗಿ," ಅಂದಿರಿ. "ಒಂದರ ಮೇಲೊಂದು ಹತ್ತುತ್ತವೆ. ಮತ್ತೆ, ಬಸಿರಾದ ಹಾಗೆ ಮೈಯ ತುಪ್ಪಳ ಕಿತ್ತು ಗೂಡು ಮಾಡ್ತವೆ."

ಹೆಣ್ಣು ಮೊಲ ತಾನಾಗಿ ಅಂಡ ಬಿಡುವುದಿಲ್ಲ. ಗಂಡು ಕೂಡಿದ ಮೇಲೆ ಮೆದುಳಿನ ಬುಡದ ಗ್ರಂಥಿ ಹಾರ್ಮೋನ್ ಹರಿಸಬೇಕು, ಹತ್ತು ಗಂಟೆ ಕಳೆದ ಮೇಲೆ ಅಂಡ ಹೊರಬರುತ್ತದೆ. ನಾನು ಓದಿದ್ದು ಅಷ್ಟೇ. ಗಂಡಿಲ್ಲದೆ ಹೇಗಾದೀತು ಎಂದು ನಿಮ್ಮ ಮಾತನ್ನು ಅಲ್ಲೇ ಬಿಟ್ಟೆ. ಗೂಡು ಸಾಲದ ಒಂದು ಶನಿವಾರ, ನೀವು ಹೊರಟ ಮೇಲೆ, ಅಂಡ ಬಿಡಿಸುವ ಹಾರ್ಮೋನಿನ ಇಂಜೆಕ್ಷನ್ ಕೊಡದೆ ಹೋಲಿಕೆಗೆಂದು ಇಟ್ಟಿದ್ದ ಹೆಣ್ಣುಗಳನ್ನು ಜೋಡಿಯಾಗಿ ಕೂಡಿಹಾಕಿ, ಮರುದಿನ ಬೇರೆ ಮಾಡಿದೆ.

ಮಂಗಳವಾರ ಅಂಡಾಶಯ ತೆಗೆದು ನೋಡಿದರೆ, ಏನೂ ಆಗಬಾರದಿದ್ದ ಆ ಮೊಲಗಳಲ್ಲೂ ಅಂಡ ಬಿಟ್ಟ ಕೆಂಪು ಗುರುತು. ಗಂಡನ್ನು ಯಾಕೆ ಒಳಗೆ ಬಿಟ್ಟಿರಿ ಎಂದು ನಮ್ಮ ಗೈಡ್ ಮೇಡಂ ನಿಮ್ಮನ್ನು ಕೇಳಿದರು. ಬಿಡಲಿಲ್ಲ ಎಂದಿರಿ. ಆಮೇಲೆ ಒಮ್ಮೆ ನನ್ನ ಮುಖ ನೋಡಿದಿರಿ. ನಿಮಗೆ ಗೊತ್ತಾಗಿತ್ತೇ? ನಾನು ಕಣ್ಣು ತಗ್ಗಿಸಿದೆ.

ನಿಮ್ಮನ್ನು ಬಾಟಲಿ ತೊಳೆಯುವ ಕೋಣೆಗೆ ಹಾಕಿದರು. ಎದುರು ಸಿಕ್ಕಾಗಲೆಲ್ಲ ಊಟ ಆಯ್ತಾ ಎಂದು ಕೇಳುತ್ತಿದ್ದಿರಿ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಾ... ಹೋದ ವರ್ಷ ಸಾಂತಾಕ್ರೂಜ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎದೆನೋವು ಬಂದು ನೀವೇ ಹೋಗಿಬಿಟ್ಟಿರಿ.

ಕಳೆದ ತಿಂಗಳು ಪ್ರಯೋಗ ಮತ್ತೆ ಮಾಡಿದೆ. ಒಂಟಿಯಾಗಿಟ್ಟ ಒಂದು ಮೊಲದಲ್ಲೂ ಗುರುತಿಲ್ಲ. ಜೋಡಿಯಾಗಿಟ್ಟವುಗಳಲ್ಲಿ ಇತ್ತು; ನೀವು ಹೇಳಿದಂತೆ ಒಂದರ ಮೇಲೊಂದು ಹತ್ತಿದ್ದೇ ಸಾಕಾಗಿತ್ತು. ಮೇಡಂ ಹತ್ತಿರ ಎಲ್ಲ ಹೇಳಿದೆ. "ಅವರು ಇದ್ದಾಗ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

ಮೊನ್ನೆ ಭಾನುವಾರ ಚಾಳ್‌ನಲ್ಲಿರುವ ನಿಮ್ಮ ಮನೆಗೆ ಹೋಗಿ ಎಲ್ಲ ಹೇಳಿದೆ. ನಿಮ್ಮ ಹೆಂಡತಿ ಅಳಲಿಲ್ಲ, ಬೈಯಲೂ ಇಲ್ಲ. ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಮುಂದಿಟ್ಟರು.

"ಅವರ ತಪ್ಪಲ್ಲ ಅಂತ ಬರೆದುಕೊಡಿ. ಇಂಗ್ಲಿಷಿನಲ್ಲಿ ಬರೆಯಿರಿ, ಮಗಳಿಗೆ ಕನ್ನಡ ಓದ್ಲಿಕ್ಕೆ ಬರುವುದಿಲ್ಲ."

ಬರೆದು ಸಹಿ ಹಾಕಿದೆ, ಶೀನಣ್ಣ. ನಿಮ್ಮ ಮಗಳು ನಿಂತುಕೊಂಡೇ ಗಟ್ಟಿಯಾಗಿ ಓದಿದಳು. ಆಮೇಲೆ ಒಂದೊಂದೇ ಸಾಲನ್ನು ಅಮ್ಮನಿಗೆ ತುಳುವಿನಲ್ಲಿ ಹೇಳಿದಳು.