ಬೋರ್ಡಿನ ಬೆನ್ನು

ಮನೆಯಿಂದ,
ಹನ್ನೊಂದನೇ ತಾರೀಖು, ಗುರುವಾರ, ಬೆಳಿಗ್ಗೆ

ಪ್ರೀತಿಯ ಮಾವನವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಕೈ ನಡುಕ ಈಗ ಹೇಗಿದೆ? ಡಾಕ್ಟರು ಬದಲಿಸಿಕೊಟ್ಟ ಮಾತ್ರೆ ಊಟಕ್ಕೆ ಮೊದಲು, ನೆನಪಿದೆ ತಾನೆ? ನೀವು ಅದನ್ನು ಯಾರೂ ನೋಡದಾಗ ಹೂವಿನ ಕುಂಡಕ್ಕೆ ಹಾಕುತ್ತೀರೆಂದು ನಿಮ್ಮ ಮಗಳು ಫೋನಿನಲ್ಲಿ ದೂರು ಹೇಳಿದಳು. ಹಾಗೆ ಮಾಡಿದರೆ ಗಿಡದ ನಡುಕ ನಿಲ್ಲಬಹುದು, ನಿಮ್ಮದು ನಿಲ್ಲುವುದಿಲ್ಲ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಮಗನಿಗೆ ಈ ತಿಂಗಳು ಡಿಪೋದಲ್ಲಿ ಬೆಳಗಿನ ಪಾಳಿ. ನಿಮ್ಮ ಮೊಮ್ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಮಾತಿಗೇನೂ ಬರವಿಲ್ಲ.

ನಿಮ್ಮ ಹೋದ ವಾರದ ಕಾಗದ ತಲುಪಿತು. "ಬ್ರಷ್ಷಿನ ಪೆಟ್ಟಿಗೆ, ಏಣಿ ಎಲ್ಲ ಯಾರಿಗಾದ್ರೂ ಮಾರಿಬಿಡಮ್ಮ. ಕೈ ಓಡದ ಪೇಂಟರು ಮನೇಲಿದ್ರೆ ಜಾಗ ದಂಡ. ನಾನಿನ್ನು ಇಲ್ಲೇ ಮಗಳ ಮನೇಲಿ ಇದ್ದುಬಿಡ್ತೀನಿ" ಎಂದು ಬರೆದಿದ್ದೀರಿ. ನಿಮ್ಮ ಮಗ ಅದನ್ನು ಎರಡು ಸಲ ಓದಿ, ಮಡಚಿ, ಜೇಬಿಗೆ ಇಟ್ಟುಕೊಂಡರು. ನನಗೆ ಮಾತ್ರ ಕೋಪ ಬಂತು ಮಾವ, ಮುಚ್ಚಿಡುವುದಿಲ್ಲ. ಪೆಟ್ಟಿಗೆ ಮಾರಲಿಲ್ಲ, ಮಾರುವುದೂ ಇಲ್ಲ. ಅದಕ್ಕಿಂತ ದೊಡ್ಡ ತಪ್ಪು ಒಂದು ಮಾಡಿದ್ದೇನೆ. ನಿಮ್ಮ ಕಾಗದ ಬರುವ ಮೊದಲೇ, ಎರಡು ತಿಂಗಳ ಹಿಂದೆ, ನಿಮ್ಮನ್ನು ಕೇಳದೆ ಅದನ್ನು ತೆರೆದೆ. ಅಳಿಲಿನ ಕೂದಲಿನ ಬ್ರಷ್ಷುಗಳನ್ನು ನೀವು ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಿರಿ, ಒಂದು ಕೂದಲೂ ಬಾಗಿರಲಿಲ್ಲ.

ಆದದ್ದು ಹೀಗೆ. ಮೂಲೆಯ ಸೈಕಲ್ ರಿಪೇರಿಯವರು ಗೊತ್ತಲ್ಲ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರು, ನಿಮ್ಮನ್ನು ಹುಡುಕಿಕೊಂಡು ಬಂದರು. ಅಂಗಡಿಗೆ ಬೋರ್ಡು ಬೇಕು, ನಾಲ್ಕಡಿ ಅಗಲ, ಎರಡಡಿ ಎತ್ತರ. ನೀವು ಊರಲ್ಲಿಲ್ಲ ಎಂದು ಹೇಳಿ ಕಳಿಸಬೇಕಿತ್ತು. ಬಾಯಿಂದ ಬಂದದ್ದು "ನಾನು ಬರ್ಕೊಡ್ತೀನಿ" ಅಂತ! ಎಂಟು ವರ್ಷ ನೀವು ಗೆರೆ ಎಳೆದುಕೊಟ್ಟ ಅಕ್ಷರಗಳಿಗೆ ಬಣ್ಣ ತುಂಬಿದವಳಿಗೆ ಅಷ್ಟೂ ಧೈರ್ಯ ಬೇಡವೇ ಎಂದುಕೊಂಡೆ. ರಾತ್ರಿ ಅಡುಗೆಮನೆಯಲ್ಲಿ ಒಂದೇ ತಟ್ಟೆಯನ್ನು ಮೂರು ಸಲ ತೊಳೆದೆ.

ಮಾರನೆಯ ದಿನ ಬಣ್ಣದಂಗಡಿಗೆ ಹೋದೆ. ಮೊದಲು ಹಲಗೆಯ ತಕರಾರು. ತಗಡು ಬಾಳಿಕೆ ಬರುತ್ತದೆ, ಆದರೆ ಚೌಕಟ್ಟು ಬೇಕು, ಆ ಮೂಲೆಯ ಗಾಳಿಗೆ ದಿನವಿಡೀ ಬಡಬಡ ಅನ್ನುತ್ತದೆ. ಮರದ ಪುಡಿ ಒತ್ತಿ ಮಾಡಿದ ಹಲಗೆ ಅಗ್ಗ, ಆದರೆ ಎರಡು ಮಳೆಗೆ ನೆನೆದ ಬಿಸ್ಕತ್ತು. ಕೊನೆಗೆ ನೀರು ತಡೆಯುವ ಪ್ಲೈವುಡ್ಡನ್ನೇ ಆರಿಸಿದೆ, ದಪ್ಪನೆಯದು. ಅಂಗಡಿಯವರು ಮನೆಯೊಳಗೆ ಬಳಿಯುವ ಬಣ್ಣದ ಡಬ್ಬ ಮುಂದಿಟ್ಟು "ಎಲ್ಲಾ ಒಂದೇ ಕಣಮ್ಮ, ಸುಮ್ನೆ ಯಾಕೆ ಜಾಸ್ತಿ ದುಡ್ಡು ಹಾಕ್ತೀಯ" ಅಂದರು. ನಿಮ್ಮ ಹೆಸರು ಹೇಳಿದೆ ನೋಡಿ, ತೆಪ್ಪಗೆ ಒಳಗೆ ಹೋಗಿ ಹೊರಗಿನ ಬಿಸಿಲು ಮಳೆ ತಡೆಯುವ ಎನಾಮೆಲ್ ಬಣ್ಣ ತಂದುಕೊಟ್ಟರು. ಸೈಕಲ್ಲಿನವರಿಗೆ ಕೆಂಪು ಅಕ್ಷರವೇ ಬೇಕಿತ್ತು. ಅಂಗಡಿಗೆ ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ನೇರ. "ಬಿಸಿಲಿಗೆ ಮೊದಲು ಸೋಲೋದು ಕೆಂಪು" ಎಂದು ನೀವು ಹೇಳುತ್ತಿದ್ದುದನ್ನು ನನ್ನ ಸ್ವಂತ ಮಾತಿನ ಹಾಗೆ ಹೇಳಿ, ತಿಳಿ ಹಳದಿಯ ಮೇಲೆ ಕಡುನೀಲಿಗೆ ಒಪ್ಪಿಸಿದೆ. ಅವರು ನನ್ನನ್ನು ಸ್ವಲ್ಪ ಗೌರವದಿಂದ ನೋಡಿದರು. ಆ ಗೌರವ ನಿಮಗೆ ಸೇರಬೇಕಾದದ್ದು, ಇಗೋ ಕಾಗದದಲ್ಲಿ ಕಳಿಸುತ್ತಿದ್ದೇನೆ.

ಬೆಲೆ ಹೇಳುವಾಗ ಮಾತ್ರ ನಾಲಿಗೆ ತೊದಲಿತು. ಹಲಗೆಗೆ ಎಷ್ಟು, ಬಣ್ಣಕ್ಕೆ ಎಷ್ಟು ಎಂದು ಕೂಡಿಸಿ ಅಷ್ಟನ್ನೇ ಹೇಳಿಬಿಟ್ಟೆ. "ಆರು ದಿನ ಬಗ್ಗಿ ಬರೆದಿದ್ದು ಯಾರ ಲೆಕ್ಕಕ್ಕೆ? ನಿನ್ನ ಸೊಂಟ ಬಿಟ್ಟಿ ಬಂದಿದ್ದಾ?" ಎಂದು ನಿಮ್ಮ ಮಗ ಕೇಳಿದ ಮೇಲೇ ನನಗೆ ಹೊಳೆದದ್ದು. ಹೊಸಬಳು, ಹೆಚ್ಚು ಕೇಳಿದರೆ ನಕ್ಕಾರು ಎಂಬ ಹೆದರಿಕೆ. ನೀವು ಬೆಲೆ ಹೇಳುವ ಮೊದಲು ಗೋಡೆಯ ಮುಂದೆ ಹೋಗಿ ನಿಲ್ಲುತ್ತಿದ್ದಿರಿ. "ಗಿರಾಕಿ ಮುಖ ನೋಡಿ ರೇಟು ಹೇಳಬಾರದು, ಗೋಡೆ ನೋಡಿ ಹೇಳಬೇಕು. ಎಷ್ಟು ಎತ್ತರ, ಎಷ್ಟು ಬಿಸಿಲು, ಏಣಿ ನಿಲ್ಲೋಕೆ ಜಾಗ ಇದೆಯಾ" ಎಂದು ಹೇಳುತ್ತಿದ್ದಿರಿ. ನಾನು ನೋಡಿದ್ದು ಸೈಕಲ್ಲಿನವರ ಮುಖ, ಅದೂ ಗಂಟು ಹಾಕಿಕೊಂಡಿದ್ದ ಮುಖ.

ಬೋರ್ಡು ಏರಿತು. ಬೀದಿಯವರೆಲ್ಲ ಹೊಗಳಿದರು, ನಾನೂ ತರಕಾರಿ ನೆಪದಲ್ಲಿ ದಿನಕ್ಕೆ ಮೂರು ಸಲ ಆ ಕಡೆ ಹೋಗಿ ಬಂದೆ. ಆಮೇಲೆ ಒಂದು ವಾರ ಬಿಡದೆ ಮಳೆ. ಎಂಟನೆಯ ದಿನ ಸೈಕಲ್ಲಿನವರು ಬೋರ್ಡನ್ನು ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದರು. ಹಲಗೆ ಎರಡೂ ತುದಿಯಲ್ಲಿ ಬಾಗಿ ತೊಟ್ಟಿಲಾಗಿತ್ತು. ಮುಂಭಾಗಕ್ಕೆ ಎರಡು ಕೈ ಪ್ರೈಮರ್, ಅಂಚಿಗೆ ಮೂರು ಕೈ, ಮೇಲೆ ವಾರ್ನಿಶ್, ಎಲ್ಲ ಮಾಡಿದ್ದೆ ಮಾವ. ಬೆನ್ನಿಗೆ ಏನೂ ಬಳಿದಿರಲಿಲ್ಲ! ಗೋಡೆ ಕಡೆಯಿಂದ ನೀರು ಕುಡಿದು ಅದು ಮುರುಟಿಕೊಂಡಿತ್ತು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂದು ಯಾರಾದರೂ ನಕ್ಕಿದ್ದರೆ ಅದು ನ್ಯಾಯವೇ. ಎಂಟು ವರ್ಷ ಹಲಗೆ ನನ್ನ ಕೈಗೆ ಬರುವಾಗ ಬೆಳ್ಳಗೆ ಸಿದ್ಧವಾಗಿಯೇ ಬರುತ್ತಿತ್ತು. ನಾನು ಏಳುವ ಮೊದಲೇ ನೀವು ಎದ್ದು ಅದರ ಬೆನ್ನು ಬಳಿದು ಒಣಗಿಸಿಡುತ್ತಿದ್ದಿರಿ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಕಲಿತೆ ಎಂದುಕೊಂಡಿದ್ದೆ. ನಾನು ಕಲಿತದ್ದು ಅರ್ಧ, ಉಳಿದರ್ಧವನ್ನು ನೀವು ಸದ್ದಿಲ್ಲದೆ ಮಾಡಿಟ್ಟಿದ್ದಿರಿ.

ಮಾಡಿದ್ದುಣ್ಣೋ ಮಹರಾಯ ಎಂದು ಇನ್ನೊಂದು ಹಲಗೆ ಹುಡುಕಲು ಹೊರಟೆ. ನಿಮ್ಮ ಕೋಣೆಯ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ಒಂದು ಹಲಗೆ ನಿಂತಿದೆಯಲ್ಲ, ಗೋಡೆಯ ತೇವ ಬೀರುವಿಗೆ ತಾಗದಿರಲಿ ಎಂದು ಇಟ್ಟಿದ್ದೆಂದು ನಾನು ತಿಳಿದಿದ್ದೆ. ಎಳೆದು ನೋಡಿದರೆ ಅದೂ ತೊಟ್ಟಿಲು! ತಿರುಗಿಸಿದೆ. ಯಾವುದೋ ಹೊಲಿಗೆ ಅಂಗಡಿಯ ಬೋರ್ಡು, ಅಕ್ಷರ ನಿಮ್ಮದೇ, ಆದರೆ ಎಳಸು. ಬರಿ ಮರದ ಬೆನ್ನಿನ ಮೇಲೆ ನೀವು ಪೆನ್ಸಿಲ್ಲಿನಲ್ಲಿ ಬರೆದಿದ್ದಿರಿ: "ಮೊದಲ ಬೋರ್ಡು. ಹಿಂದುಗಡೆ ಪ್ರೈಮರ್ ಹೊಡೆಯಲಿಲ್ಲ. ಹಣ ವಾಪಸ್." ಅದರ ಕೆಳಗೆ ಅತ್ತೆಯ ದುಂಡು ಅಕ್ಷರದಲ್ಲಿ ಇನ್ನೊಂದು ಸಾಲು: "ಎರಡು ದಿನ ಊಟ ಬಿಟ್ಟರು. ಸುಡಲು ಹೊರಟಿದ್ದರು, ನಾನು ಬಿಡಲಿಲ್ಲ."

ಅಲ್ಲೇ ನೆಲದ ಮೇಲೆ ಕೂತು ನಕ್ಕೆ, ಆಮೇಲೆ ಅತ್ತುಬಿಟ್ಟೆ. ಅತ್ತೆ ಇದ್ದಿದ್ದರೆ ಎಂದು ಬಹಳ ಅನ್ನಿಸಿತು. ಊರಿಗೇ ಬೋರ್ಡು ಬರೆದ ನೀವೂ ಒಂದು ದಿನ ಹೀಗೇ ತಲೆ ಮೇಲೆ ಕೈ ಹೊತ್ತು ಕೂತಿದ್ದಿರಿ ಎಂದು ತಿಳಿದು ನನಗೆ ಎಷ್ಟು ಧೈರ್ಯ ಬಂತೆಂದರೆ, ನಾನು ಊಟವನ್ನೂ ಬಿಡಲಿಲ್ಲ. ನಿಮಗಿಂತ ಅಷ್ಟರಮಟ್ಟಿಗೆ ಗಟ್ಟಿ ನಾನು, ಒಪ್ಪಿಕೊಳ್ಳಿ.

ಸೈಕಲ್ಲಿನವರ ಬಳಿ ಹೋಗಿ, ತಪ್ಪು ನನ್ನದು, ಹೊಸ ಬೋರ್ಡು ನನ್ನ ಖರ್ಚಿನಲ್ಲೇ ಬರೆದುಕೊಡುತ್ತೇನೆ ಎಂದೆ. ಬೈಯುತ್ತಾರೆಂದು ಕಾದೆ. ಅವರು ಟ್ಯೂಬಿಗೆ ತೇಪೆ ಒತ್ತುತ್ತಾ, ತಲೆ ಎತ್ತದೆ, "ನೀವು ಅಷ್ಟು ಅಗ್ಗಕ್ಕೆ ಹೇಳಿದಾಗ್ಲೇ ನಂಗೆ ಅನುಮಾನ ಇತ್ತು. ಕೆಲಸಕ್ಕೆ ಬೆಲೆ ಇಲ್ಲ ಅಂತ ಮಾಡೋರೇ ಅಂದ್ರೆ ನಾನೇನು ಮಾಡ್ಲಿ? ಈ ಸಲ ಸರಿಯಾದ ರೇಟು ಹೇಳಿ, ಧೈರ್ಯವಾಗಿ ಗೋಡೆಗೆ ಹಾಕ್ಕೋತೀನಿ" ಅಂದರು. ಹಲಗೆಯ ಖರ್ಚು ನನ್ನದೇ ಎಂದು ಹಟ ಹಿಡಿದೆ, ಆರು ದಿನದ ಕೂಲಿ ಕೇಳಿ ತೆಗೆದುಕೊಂಡೆ. ಹೊಸ ಬೋರ್ಡಿಗೆ ಮೊದಲು ಬಳಿದದ್ದು ಬೆನ್ನನ್ನೇ. ಅದು ಏರಿ ಇಪ್ಪತ್ತು ದಿನವಾಯಿತು, ಮಳೆ ಬಂದು ಹೋಯಿತು, ಕಡ್ಡಿ ಇಟ್ಟು ನೋಡಿದೆ, ನೂಲಿನಷ್ಟೂ ಬಾಗಿಲ್ಲ.

ಮಾವ, ನೀವು ನನಗೆ ಕೆಲಸ ಕೊಟ್ಟಿರಿ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಮಂಕಾಗಿ ಕೂರುವುದನ್ನು ನೋಡಿ "ಈ ಅಕ್ಷರದ ಹೊಟ್ಟೆ ತುಂಬ್ಸು ನೋಡೋಣ" ಎಂದು ಕೈಗೆ ಬ್ರಷ್ಷು ಇಟ್ಟವರು ನೀವು. ಆ ಋಣವನ್ನು ಈ ಕಾಗದದಲ್ಲಿ ತೀರಿಸಲಾರೆ, ತೀರಿಸುವ ಆಸೆಯೂ ಇಲ್ಲ. ಆದರೆ ಜಾಗ ದಂಡ ಎಂಬ ಮಾತನ್ನು ಇನ್ನೊಮ್ಮೆ ಬರೆದರೆ ನಾನು ಉತ್ತರ ಹಾಕುವುದಿಲ್ಲ. ನಾದಿನಿಗೂ ಅವಳ ಮನೆಯವರಿಗೂ ನಾನು ಕೇಳಿದೆನೆಂದು ಹೇಳಿ. ಮೊಮ್ಮಗಳು ಹಲ್ಲಿಲ್ಲದ ಒಂದು ಮುತ್ತು ಕಳಿಸಿದ್ದಾಳೆ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ನಿಮ್ಮ ಸೊಸೆ

ತಾ.ಕ.: ಅಂಚೆಗೆ ಹೊತ್ತಾಯಿತು, ಮುಖ್ಯ ವಿಷಯವೇ ಉಳಿಯಿತು. ಬೇಕರಿಯವರು ಇಡೀ ಪಕ್ಕದ ಗೋಡೆ ಬರೆಯಲು ಹೇಳಿದ್ದಾರೆ, ಹದಿನೆಂಟು ಅಡಿ. ಈ ಸಲ ಗೋಡೆ ನೋಡಿಯೇ ಬೆಲೆ ಬರೆದುಕೊಟ್ಟೆ: ಸಾಮಾನು, ನನ್ನ ಕೂಲಿ, ಎತ್ತರ. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ, "ರಸ್ತೆಯ ಆಚೆ ಕುರ್ಚಿ ಹಾಕಿ ಕೂತು ನೋಡಿ ಹೇಳುವವರ ಕೂಲಿ, ಹನ್ನೆರಡು ದಿನ." ಅವರು ಕನ್ನಡಕ ಏರಿಸಿ "ಇದೇನಮ್ಮ, ನೋಡೋಕೂ ಕೂಲಿನಾ?" ಅಂದರು. "ಏಣಿ ಮೇಲಿರೋಳಿಗೆ ಅಕ್ಷರ ಕಾಣುತ್ತೆ, ಸಾಲು ಸೊಟ್ಟ ಆಗಿದ್ದು ಕಾಣಲ್ಲ" ಅಂದೆ. ನಿಮ್ಮ ಮಗನನ್ನು ನಿಲ್ಲಿಸಿ ನೋಡಿದ್ದಾಯಿತು, ಎಲ್ಲಕ್ಕೂ ಚೆನ್ನಾಗಿದೆ ಅನ್ನುತ್ತಾರೆ, ದಮ್ಮಡಿಯಷ್ಟೂ ಪ್ರಯೋಜನವಿಲ್ಲ. ಬೇಕರಿಯವರು ಚೌಕಾಸಿ ಮಾಡಲಿಲ್ಲ, ಮುಂಗಡ ಕೊಟ್ಟು "ಅವ್ರು ಯಾವಾಗ ಬರ್ತಾರೆ?" ಎಂದಷ್ಟೇ ಕೇಳಿದರು. ಒಂದನೇ ತಾರೀಖು ಎಂದು ಹೇಳಿಬಿಟ್ಟಿದ್ದೇನೆ. ಕೂಲಿ ಕಮ್ಮಿಯಾಯಿತು ಅನ್ನಿಸಿದರೆ ಇಲ್ಲಿಗೆ ಬಂದು ಜಗಳವಾಡಿ.