ಗುಬ್ಬಿಯ ಎಡಗೈ ಗಂಟು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆಯವರಿಗೆ,

ನಮಸ್ಕಾರ. 'ಪ್ರೀತಿಯ' ಎಂಬುದನ್ನು ಬರೆದಾದ ಮೇಲೆ ಹೊಡೆದುಹಾಕಲು ಹೋದೆ, ಕೈ ಬರಲಿಲ್ಲ. ಇರಲಿ ಬಿಡಿ. ಅಣ್ಣನ ಬೆನ್ನುನೋವು ಇಳಿಯಿತೇ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದಾನೋ, ಇಲ್ಲ ಮಾಡಿದೆ ಎಂದು ನಿಮ್ಮ ಹತ್ತಿರ ಸುಳ್ಳು ಹೇಳುತ್ತಿದ್ದಾನೋ? ಕೇಳಬೇಕಾದ್ದನ್ನು ಕೇಳಿಯಾಯಿತು. ಇನ್ನು ವಿಷಯಕ್ಕೆ ಬರುತ್ತೇನೆ.

ಎರಡು ಬೀದಿ ಆಚೆ ಇರುವವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸಬಹುದು. ಎದುರಿಗೆ ಬಂದರೆ ನೀವು ಕುರ್ಚಿ ಎಳೆದು ಕೂರಿಸಿ, "ಅಯ್ಯೋ, ಅಷ್ಟಕ್ಕೆಲ್ಲ ಯಾರಾದ್ರೂ ಮುಖ ಊದಿಸ್ಕೋತಾರೇನೇ" ಎಂದು ಗಲ್ಲ ಹಿಂಡುತ್ತೀರಿ. ನಾನು ಬೆಣ್ಣೆ ಹಾಗೆ ಕರಗಿ ಮನೆಗೆ ವಾಪಸ್ಸು ಬರುತ್ತೇನೆ. ಇಷ್ಟು ವರ್ಷ ಹಾಗೇ ಆಗಿದೆ. ಕಾಗದದ ನಡುವೆ ಬಾಯಿ ಹಾಕಲು ಯಾರಿಗೂ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸ್ಕೌಟ್ ಕ್ಯಾಂಪಿನಲ್ಲಿ ನಮ್ಮ ಹುಡುಗಿಯರು ಕಟ್ಟಿದ ಕೈ ತೊಳೆಯುವ ಸ್ಟ್ಯಾಂಡನ್ನು ಬಿಚ್ಚಿ ಮತ್ತೆ ಕಟ್ಟಿದ್ದು ನೀವು. ನನಗೆ ಗೊತ್ತಾಗಿದೆ. ಯಾರು ಹೇಳಿದರು ಎಂದು ಕೇಳಬೇಡಿ. ಗೋಡೆಗೂ ಕಿವಿ ಇರುತ್ತದಂತೆ, ಡೇರೆಗೆ ಇರುವುದಿಲ್ಲವೇ?

ಈ ದಳಕ್ಕೆ ನನ್ನನ್ನು ಎಳೆದವರು ಯಾರು, ಅತ್ತಿಗೆ? ಹಿಂದೆ ನಡೆಸುತ್ತಿದ್ದ ಲೈಬ್ರರಿ ಮೇಡಂ ಮಂಡಿನೋವೆಂದು ಬಿಟ್ಟರು. ಬದಲಿಗೆ ಯಾರೂ ಸಿಗದಿದ್ದರೆ ಹುಡುಗಿಯರ ಸ್ಕೌಟ್ ದಳಕ್ಕೆ ಬೀಗ ಎಂದಾಗ, ಪೋಷಕರ ಸಮಿತಿಯ ಅಧ್ಯಕ್ಷೆಯಾದ ನೀವು ನೇರವಾಗಿ ಬಸ್ ನಿಲ್ದಾಣಕ್ಕೇ ಬಂದಿರಿ. ನಾನು ನನ್ನ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಎಂದು ಮೈಕಿನಲ್ಲಿ ಹೇಳುತ್ತಿದ್ದೆ. ನೀವು ಬಾಗಿಲು ತೆಗೆದು, "ಊರಿಗೆಲ್ಲ ಬಸ್ ಹತ್ತಿಸೋ ಗಂಟಲು, ಒಂದು ಡಜನ್ ಹುಡುಗೀರನ್ನ ಸಾಲಲ್ಲಿ ನಿಲ್ಸಕ್ಕಾಗಲ್ವಾ?" ಎಂದಿರಿ. ಮೈಕು ಆನ್ ಆಗಿತ್ತು. ಇಡೀ ನಿಲ್ದಾಣ ಕೇಳಿಸಿಕೊಂಡು ನಕ್ಕಿತು. ಒಬ್ಬ ಡ್ರೈವರಂತೂ, "ಒಪ್ಕೊಳ್ಳಿ ಮೇಡಂ, ನಮಗೂ ಒಂಚೂರು ಕಿವಿಗೆ ರಜ ಸಿಗುತ್ತೆ" ಎಂದ.

ನನಗೆ ಮಕ್ಕಳಿಲ್ಲ, ಮಕ್ಕಳ ಜೊತೆ ಹೇಗೆ ಇರಬೇಕೆಂದು ಗೊತ್ತಿಲ್ಲ ಎಂದೆ. ಅದಕ್ಕೆ ನೀವು, "ಅದಕ್ಕೇ ನೀನೇ ಸರಿ. ತಾಯಂದಿರಿಗೆ ಕೈ ಕಟ್ಕೊಂಡು ಸುಮ್ಮನಿರಕ್ಕೆ ಬರಲ್ಲ" ಎಂದಿರಿ. ಎಷ್ಟು ಸತ್ಯ ಹೇಳಿದ್ದಿರಿ ನೋಡಿ!

ತರಬೇತಿಗೆ ಹೋದೆ. ಅಲ್ಲಿ ಎಲ್ಲರಿಗಿಂತ ದಡ್ಡಿ ನಾನೇ. ಸೀಟಿ ಊದುವ ಹೆಂಗಸು ನನ್ನ ಹಗ್ಗ ನೋಡಿ, "ಅಮ್ಮಾ, ಇದು ಗಂಟಲ್ಲ, ಜಡೆ" ಎಂದು ಎಲ್ಲರಿಗೂ ಎತ್ತಿ ತೋರಿಸಿದಳು. ಸಂಜೆ ಅಳುಮುಖ ಹಾಕಿಕೊಂಡು ನಿಮ್ಮ ಮನೆಗೆ ಬಂದರೆ, ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ತಂದು ಊಟದ ಮೇಜಿನ ಮೇಲೆ ಹಾಕಿದಿರಿ. ಆ ತುದಿ ನೀವು, ಈ ತುದಿ ನಾನು. ನನಗಿಂತ ಮೊದಲು ನಿಮಗೇ ಬಂತು. ಕೋಲಿಗೆ ಕೋಲು ಸೇರಿಸಿ ಕಟ್ಟುವುದನ್ನು ನನಗೆ ಹೇಳಿಕೊಟ್ಟವರೇ ನೀವು. ನಾದಿನಿ ಅತ್ತಿಗೆ ಎಂದರೆ ಹಾವು ಮುಂಗುಸಿ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಹಾಗಿಲ್ಲ ಎಂದು ನಾನು ನಿಲ್ದಾಣದಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ನೀವು ಶನಿವಾರಗಳಲ್ಲಿ ಇರುತ್ತಿರಲಿಲ್ಲ. ಶಾಲೆಯ ಹಿಂದಿನ ಆ ಕೋಣೆಯಲ್ಲಿ ಏನು ನಡೆಯುತ್ತಿತ್ತು ಎಂದು ನಾನೇ ಹೇಳುತ್ತೇನೆ, ಕೇಳಿ. ಮುರಿದ ಬೆಂಚು, ಗಾಳಿ ಹೋದ ಚೆಂಡು, ಒಂದು ಕಿಟಕಿ. ಮೊದಲನೇ ದಿನವೇ ಒಬ್ಬಳು, ನಾನು ಆಮೇಲೆ ಮೆಣಸಿನಕಾಯಿ ಎಂದು ಹೆಸರಿಟ್ಟವಳು, ಸೊಂಟದ ಮೇಲೆ ಕೈಯಿಟ್ಟು, "ಅಕ್ಕಾ, ನಿಮಗೇ ಸರಿಯಾಗಿ ಬರಲ್ವಾ?" ಎಂದಳು. "ಬರಲ್ಲ ಕಣೇ, ಜೊತೆಗೆ ಕಲಿಯೋಣ" ಎಂದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವತ್ತೇ ನಮ್ಮ ದಳದ ಕಾಯಿದೆ ಹುಟ್ಟಿದ್ದು: ಯಾರ ಹಗ್ಗವನ್ನು ಅವರೇ ಕಟ್ಟಬೇಕು, ದೊಡ್ಡವರ ಕೈ ತಗಲಬಾರದು. ಅವರು ಕಟ್ಟುವಾಗ ನಾನು ಎರಡೂ ಕೈ ಬೆನ್ನ ಹಿಂದೆ ಹಿಡಿದುಕೊಂಡು ನಿಲ್ಲುತ್ತಿದ್ದೆ. ಕಷ್ಟ ಅತ್ತಿಗೆ, ಬಹಳ ಕಷ್ಟ! ಬೆರಳು ತುರಿಸುತ್ತವೆ. ಒಂದು ಸುತ್ತು ಎಳೆದರೆ ಸರಿಹೋಗುತ್ತದೆ ಎಂದು ಕಣ್ಣೆದುರಿಗೇ ಕಾಣುತ್ತಿರುತ್ತದೆ, ಎಳೆಯುವ ಹಾಗಿಲ್ಲ. ಗಂಟು ಬಿಚ್ಚಿ ಕೋಲುಗಳು ದಡದಡ ಬೀಳುತ್ತವೆ. ಅವರು ಮತ್ತೆ ಶುರುಮಾಡುತ್ತಾರೆ.

ಗುಬ್ಬಿ ಇದ್ದಾಳಲ್ಲ, ಎಲ್ಲರಿಗಿಂತ ಚಿಕ್ಕವಳು, ಅವಳದು ಎಡಗೈ. ಬೇರೆಯವರ ಸುತ್ತು ಒಂದು ಕಡೆ ಹೋದರೆ ಅವಳದು ಇನ್ನೊಂದು ಕಡೆ. ವಾರಗಟ್ಟಲೆ ಗಂಟು ನಿಲ್ಲಲೇ ಇಲ್ಲ. ನಿಂತ ದಿನ ಅಜ್ಜಿಯನ್ನು ಎಳೆದುಕೊಂಡು ಬಸ್ ನಿಲ್ದಾಣಕ್ಕೆ ಬಂದು ನನ್ನ ಗಾಜು ತಟ್ಟಿ, ಚೀಲದ ಬಾಯಿಗೆ ಹಾಕಿದ ಗಂಟನ್ನು ತೋರಿಸಿದಳು. ನಾನು ಅವತ್ತು ಒಂದು ಬಸ್ಸನ್ನು ಕೂಗುವುದೇ ಮರೆತು ಬೈಸಿಕೊಂಡೆ. ನಲವತ್ತು ದಾಟಿದ ಹೆಂಗಸಿಗೆ, ಯಾರೂ ಏನನ್ನೂ ತೋರಿಸಲು ಓಡಿಬರದ ಹೆಂಗಸಿಗೆ, ಅದು ಎಷ್ಟು ದೊಡ್ಡದು ಎಂದು ನಿಮಗೆ ಅರ್ಥವಾಗುವುದಿಲ್ಲ. ನಿಮ್ಮ ಮನೆಯಲ್ಲಿ ದಿನಾ ಯಾರಾದರೂ ಓಡಿಬರುತ್ತಾರೆ.

ಇನ್ನು ಕ್ಯಾಂಪಿನ ವಿಷಯ. ಮೂರು ಕೋಲು ನಿಲ್ಲಿಸಿ, ನಡುವೆ ಬೋಗುಣಿ ಕೂರುವ ಹಾಗೆ ಕಟ್ಟುವ ಕೈ ತೊಳೆಯುವ ಸ್ಟ್ಯಾಂಡು. ಬೆಳಿಗ್ಗೆಯೆಲ್ಲ ಹೆಣಗಿ ನಮ್ಮವರು ಕಟ್ಟಿದರು. ಸೊಟ್ಟಗಿತ್ತು, ಒಪ್ಪುತ್ತೇನೆ. ಬೋಗುಣಿ ತುಂಬಿದರೆ ಒಂದು ಕಡೆ ವಾಲುತ್ತಿತ್ತು, ಅರ್ಧ ತುಂಬಿದರೆ ನಿಲ್ಲುತ್ತಿತ್ತು. "ಹಂಗಾದ್ರೆ ಅರ್ಧಾನೇ ತುಂಬೋಣ" ಎಂದಳು ಮೆಣಸಿನಕಾಯಿ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಊಟವಾದ ಮೇಲೆ ನಮ್ಮನ್ನು, ಎಲ್ಲ ದಳದ ಅಕ್ಕಂದಿರನ್ನು, ಸಭಾಂಗಣಕ್ಕೆ ಕರೆದು ಕೂರಿಸಿದರು. ಹುಡುಗಿಯರು ಪಕ್ಕದ ದಳದವರ ಜೊತೆ ಹಾದಿ ಹುಡುಕುವ ಆಟಕ್ಕೆ ಹೋದರು. ಸಮಿತಿಯ ಪರವಾಗಿ ನಮ್ಮ ಜೊತೆ ಬಂದಿದ್ದ ನೀವು ತಲೆನೋವೆಂದು ಡೇರೆಯಲ್ಲಿ ಉಳಿದಿರಿ. ಕಾಲು ಉಳುಕಿದೆಯೆಂದು ನಮ್ಮ ದಳದಲ್ಲೇ ಇರುವ ನಿಮ್ಮ ಮಗಳನ್ನೂ ಉಳಿಸಿಕೊಂಡಿರಿ.

ನಾವು ಮರಳಿದಾಗ ಪರೀಕ್ಷಕರು ಆಗಲೇ ನಮ್ಮ ಡೇರೆಯ ಮುಂದೆ ನಿಂತಿದ್ದರು. ಸ್ಟ್ಯಾಂಡು ಅಂಗಡಿಯಿಂದ ತಂದ ಹಾಗೆ ನೆಟ್ಟಗೆ ನಿಂತಿತ್ತು, ಬೋಗುಣಿಯಲ್ಲಿ ಕಂಠಮಟ್ಟ ನೀರು. "ಇಷ್ಟು ಚಿಕ್ಕ ಮಕ್ಕಳು!" ಎಂದು ಹೊಗಳಿದರು. ಮೊದಲನೇ ಬಹುಮಾನದ ಬಾವುಟ ನಮ್ಮ ಕೈಗೆ ಬಂತು. ಚಪ್ಪಾಳೆ ಬಿತ್ತು. ನಮ್ಮ ಹುಡುಗಿಯರು ಮಾತ್ರ ತಟ್ಟಲಿಲ್ಲ. ಗುಬ್ಬಿ ಬಗ್ಗಿ ಕೋಲಿನ ಬುಡವನ್ನೇ ನೋಡುತ್ತಿದ್ದಳು.

ಬಸ್ಸಿನಲ್ಲಿ ಅವಳು ಬಾಯಿಬಿಟ್ಟಳು. "ಅಕ್ಕಾ, ಅದು ನನ್ನ ಗಂಟಲ್ಲ. ನಂದು ಈ ಕಡೆ ತಿರುಗುತ್ತೆ. ಅದು ಆ ಕಡೆ ತಿರುಗಿತ್ತು." ಅಷ್ಟೂ ಮುಖ ನನ್ನ ಕಡೆ ತಿರುಗಿದವು. ಗಂಟು ಬರುವ ದೊಡ್ಡವಳು ಅವರಿಗೆ ಗೊತ್ತಿರುವುದು ನಾನೊಬ್ಬಳೇ. ಆಟಕ್ಕೆ ಅವರ ಜೊತೆ ಹೋಗದವಳೂ ನಾನೇ. ನಾನು ನಿಮ್ಮ ಮುಖ ನೋಡಿದೆ, ಏನಾದರೂ ಹೇಳುತ್ತೀರಿ ಎಂದು. ಹೇಳಿದಿರಿ. ನನ್ನ ಬೆನ್ನು ತಟ್ಟಿ, "ಅಕ್ಕ ಒಂಚೂರು ಬಿಗಿ ಮಾಡಿರ್ತಾರೆ ಬಿಡ್ರಮ್ಮ, ನಿಮ್ಮ ಒಳ್ಳೇದಕ್ಕೇ ಅಲ್ವಾ" ಎಂದಿರಿ.

ಗಂಟು ಬಿಚ್ಚಿ ಕಟ್ಟಿದ್ದನ್ನು ನಾನು ಮರೆತೇನು. ಈ ಮಾತನ್ನು ಮರೆಯುವುದಿಲ್ಲ. ನಂಬಿದವಳ ಕುತ್ತಿಗೆಯನ್ನು ನಗುನಗುತ್ತಾ ಕೊಯ್ದಿರಿ. ಊರಿಗೆಲ್ಲ ಕೇಳಿಸುವ ನನ್ನ ಗಂಟಲಿನಿಂದ ಒಂದು ಉಸಿರೂ ಹೊರಡಲಿಲ್ಲ. ನಾನಲ್ಲ ಎಂದರೆ, ಮತ್ಯಾರು ಎಂದು ಕೇಳುತ್ತಾರೆ. ಮುಂದಿನ ಸೀಟಿನಲ್ಲಿ ನಿಮ್ಮ ಮಗಳು ಕೂತಿದ್ದಳು.

ಮರುದಿನ ನಿಮಗೆ ಫೋನ್ ಮಾಡಿ, ಡೇರೆಯ ಹತ್ತಿರ ಯಾರಾದರೂ ಬಂದಿದ್ದರೇ ಎಂದಷ್ಟೇ ಕೇಳಿದೆ. "ನಾನ್ಯಾಕೆ ಮುಟ್ಲಿ ಅದನ್ನ? ನಂಗೆ ತಲೆನೋವಿತ್ತಪ್ಪ!" ಎಂದಿರಿ. ಮುಟ್ಟಿದಿರಾ ಎಂದು ನಾನೆಲ್ಲಿ ಕೇಳಿದ್ದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆದರೂ ನಾನು ಪೆದ್ದಿ, ಇರಲಾರದು, ನಮ್ಮ ಅತ್ತಿಗೆ ಅಂಥವರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ನಿನ್ನೆ ಶನಿವಾರ. ಅರ್ಧ ಜನವೂ ಬರಲಿಲ್ಲ. ಗುಬ್ಬಿ ಬರಲಿಲ್ಲ. ಅವಳ ಅಜ್ಜಿ ಗೇಟಿನವರೆಗೆ ಬಂದು, "ಇನ್ನು ಬರಲ್ವಂತಮ್ಮ, ಯಾಕೋ ಗೊತ್ತಿಲ್ಲ, ಹಗ್ಗ ಕಂಡ್ರೆ ಅಳ್ತಾಳೆ" ಎಂದು ಹೇಳಿ ಹೋದರು. ಹಗ್ಗ ಕೊಟ್ಟರೆ ಮೆಣಸಿನಕಾಯಿ ಕೈ ಚಾಚಲಿಲ್ಲ. ನನ್ನ ಹಾಗೆಯೇ ಎರಡೂ ಕೈ ಬೆನ್ನ ಹಿಂದೆ ಹಿಡಿದು, "ನೀವೇ ಕಟ್ಬಿಡಿ ಅಕ್ಕಾ, ಹೇಗೂ ಆಮೇಲೆ ನೀವೇ ಕಟ್ತೀರಲ್ಲ" ಎಂದಳು. ಅವಳ ದನಿಯಲ್ಲಿ ಕೋಪವಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಪವಿರಲಿಲ್ಲ. ದೊಡ್ಡವರೆಂದರೆ ಇಷ್ಟೇ ಎಂದು ತೀರ್ಮಾನ ಮಾಡಿದ ಹಾಗಿತ್ತು. ಅವರನ್ನೆಲ್ಲ ಮನೆಗೆ ಕಳಿಸಿ, ನಾನು ಬಾಗಿಲು ಹಾಕಿಕೊಂಡು ಆ ಮುರಿದ ಬೆಂಚಿನ ಮೇಲೆ ಕೂತು ಅತ್ತೆ.

ಅದಾದ ಮೇಲೆ ನಿಜ ಗೊತ್ತಾಯಿತು. ಕಾರಣವನ್ನು ಯಾರೂ ಹೇಳಬೇಕಾಗಲಿಲ್ಲ. ಗೆದ್ದ ದಳದ ನಾಯಕಿ ಹುಡುಗಿಯನ್ನು ಸ್ಕೌಟ್‌ಗಳ ದೊಡ್ಡ ಮೇಳಕ್ಕೆ ಕಳಿಸುತ್ತಾರೆ, ನಮ್ಮಲ್ಲಿ ನಾಯಕಿ ನಿಮ್ಮ ಮಗಳು. ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಹೇಳುತ್ತಿದ್ದೆ: ಅವಳು ಜಾಣೆ, ಈ ವರ್ಷ ಅಲ್ಲದಿದ್ದರೆ ಮುಂದಿನ ವರ್ಷ ತನ್ನ ಕೈಯಿಂದಲೇ ಹೋಗುತ್ತಾಳೆ. ನಿಮಗೆ ಅಷ್ಟು ಕಾಯಲು ಆಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ದೂರು ಕೊಡಲಿ? ಸಮಿತಿಯ ಅಧ್ಯಕ್ಷೆಯೂ ನೀವೇ, ನನ್ನ ಮನೆಯವರೂ ನೀವೇ.

ಬಾವುಟವನ್ನು ನಾಳೆ ಪರೀಕ್ಷಕರಿಗೆ ವಾಪಸ್ಸು ಮಾಡುತ್ತೇನೆ. ಅದು ಮಕ್ಕಳ ಕೈಕೆಲಸವಲ್ಲ ಎಂದು ಹೇಳುತ್ತೇನೆ, ಯಾರದು ಎಂದು ಹೇಳುವುದಿಲ್ಲ. ಅಣ್ಣನಿಗೂ ಹೇಳುವುದಿಲ್ಲ. ನನಗೆ ಬೇಕಾದದ್ದು ಒಂದೇ. ಬರುವ ಶನಿವಾರ ಎಲ್ಲ ಹುಡುಗಿಯರನ್ನೂ ಮನೆಮನೆಗೆ ಹೋಗಿ ಕರೆತರುತ್ತೇನೆ. ನೀವು ಬನ್ನಿ. ಹುಡುಗಿಯರ ವೃತ್ತದ ನಡುವೆ ನಿಂತು, ಕಟ್ಟಿದ್ದು ನಾನು, ಅಕ್ಕ ಅಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ಮಕ್ಕಳು ನಿಮ್ಮನ್ನು ಕ್ಷಮಿಸಿಬಿಡುತ್ತಾರೆ, ಅವರಿಗೆ ಅದು ನಮಗಿಂತ ಚೆನ್ನಾಗಿ ಬರುತ್ತದೆ. ನಾನು ಕ್ಷಮಿಸುತ್ತೇನೋ ಇಲ್ಲವೋ ಈಗ ಹೇಳಲಾರೆ. ಹೇಳಿದರೆ ಅದೂ ಸುಳ್ಳಾದೀತು.

ಬರದಿದ್ದರೆ ನಾನು ದಳ ಬಿಡಬೇಕಾಗುತ್ತದೆ. ನಂಬಿಕೆಗೆ ಅರ್ಹಳಾಗಿರುತ್ತೇನೆ ಎಂದು ಅವರಿಂದ ಪ್ರಮಾಣ ಹೇಳಿಸುವವಳನ್ನೇ ಅವರು ನಂಬದಿದ್ದ ಮೇಲೆ ನಾನು ಅಲ್ಲಿ ನಿಂತು ಏನು ಮಾಡಲಿ?

ಇಷ್ಟಾದರೂ ನಿಮ್ಮವಳೇ ಆದ,
ನಾದಿನಿ

ತಾ.ಕ.: ಯಾರು ಹೇಳಿದರು ಎಂದು ಕೇಳಬೇಡಿ ಎಂದು ಮೇಲೆ ಬರೆದೆ. ಕಾಗದ ಮಡಚಿದ ಮೇಲೆ ಮನಸ್ಸು ತಡೆಯದೆ ಮತ್ತೆ ಬಿಚ್ಚಿದ್ದೇನೆ. ಹೇಳಿದ್ದು ನಿಮ್ಮ ಮಗಳು. ನಿನ್ನೆ ಎಲ್ಲರೂ ಹೋದ ಮೇಲೆ ವಾಪಸ್ಸು ಬಂದು, ಬೆಂಚಿನ ಮೇಲೆ ನನ್ನ ಪಕ್ಕ ಕೂತು, "ಅತ್ತೇ, ಅಮ್ಮ ಕಟ್ಟುವಾಗ ಕೋಲು ಹಿಡ್ಕೊಂಡಿದ್ದು ನಾನು" ಎಂದಳು. ನಿಮ್ಮ ಮೇಲೆ ದೂರು ಹೇಳಲು ಬಂದವಳಲ್ಲ ಅವಳು. ಬರುವ ಶನಿವಾರ ತಾನು ಏನು ಹೇಳಬೇಕು ಎಂದು ನಿರ್ಧಾರ ಮಾಡಿಕೊಂಡೇ ಬಂದಿದ್ದಳು. ಮೇಳಕ್ಕೆ ಹೋಗುವ ಆಸೆಗೆ ಎಲ್ಲವನ್ನೂ ತಾನೊಬ್ಬಳೇ ಬಿಚ್ಚಿ ಕಟ್ಟಿದೆ ಎಂದು ಎಲ್ಲರ ಮುಂದೆ ಹೇಳುತ್ತಾಳಂತೆ. "ಆಗ ನಿಮ್ಮ ಹೆಸರೂ ಬರಲ್ಲ, ಅಮ್ಮನ ಹೆಸರೂ ಬರಲ್ಲ ಅಲ್ವಾ ಅತ್ತೇ?" ಬೇಡ ಕಣೇ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಯಾವ ಗಂಟನ್ನು ಯಾವ ಕಡೆಯಿಂದ ಸುತ್ತಿದೆ ಎಂದು ಯಾರಾದರೂ ಕೇಳಿದರೆ ತಪ್ಪದೆ ಹೇಳಲು ಬರಬೇಕೆಂದು ನನ್ನಿಂದ ಒಂದು ತುಂಡು ಹಗ್ಗ ಇಸಿದುಕೊಂಡು ಹೋಗಿದ್ದಾಳೆ. ಈಗ ಅವಳ ಕೋಣೆಗೆ ಹೋಗಿ ನೋಡಿ, ಅಭ್ಯಾಸ ಮಾಡುತ್ತಿರುತ್ತಾಳೆ.